ಕಂಬಳಿಯ ಮೇಲಿನ ಸಂಚಕಾರ

ನಮ್ಮ ಮನೆಯಲ್ಲಿ ಬೆಳಗಿನ ಚಹಾ ಶಾಂತವಾಗಿ ಮುಗಿಯಬೇಕೆಂದರೆ ಆ ದಿನದ ಪತ್ರಿಕೆಯಲ್ಲಿ 'ಸಂಚಕಾರ' ಎಂಬ ಪದ ಇರಬಾರದು. 'ಗುಂಡಿ ಬಿದ್ದ ರಸ್ತೆ: ಸವಾರರ ಜೀವಕ್ಕೆ ಸಂಚಕಾರ' ಎಂದೋ, 'ಕಾರ್ಖಾನೆ ಹೊಗೆ: ಆರೋಗ್ಯಕ್ಕೆ ಸಂಚಕಾರ' ಎಂದೋ ಕಂಡರೆ ನನ್ನ ತಲೆ ಕೆಡುತ್ತದೆ. ನಾನು ಜಮಖಂಡಿಯ ನೋಂದಣಿ ಕಚೇರಿಯ ಎದುರು ಕುಳಿತುಕೊಳ್ಳುವ ಬಾಂಡ್ ರೈಟರ್. ಹೊಲ, ಮನೆ, ಜಾಗಗಳ ವ್ಯವಹಾರಕ್ಕೆ ಕಾಗದ ಬರೆದುಕೊಡುವುದು ನನ್ನ ಹೊಟ್ಟೆಪಾಡು. ಕೊಳ್ಳುವವನು ಮಾತು ಗಟ್ಟಿ ಮಾಡಲು ಮಾರುವವನ ಕೈಗೆ ಮೊದಲೇ ಇಡುವ ಸ್ವಲ್ಪ ಹಣಕ್ಕೆ ನಮ್ಮ ಕಡೆ ಸಂಚಕಾರ ಎನ್ನುತ್ತಾರೆ. ನಾನು ಬರೆಯುವುದರಲ್ಲಿ ಅರ್ಧಕ್ಕರ್ಧ ಸಂಚಕಾರ ಪತ್ರಗಳೇ. ನನಗೆ ಅನ್ನ ಹಾಕುವ ಪದವನ್ನು ಹೀಗೆ ಗುಂಡಿ, ಹೊಗೆ, ಹರಿದ ವಿದ್ಯುತ್ ತಂತಿಗಳ ಪಕ್ಕ ಕೂರಿಸಿದರೆ ಸಿಟ್ಟು ಬರದೆ ಇರುತ್ತದೆಯೇ?

"ನಿಮಗ ಸಿಟ್ಟು ಬರ್ಲಿಕ್ಕೆ ಪೇಪರ್ ಯಾಕ ಬೇಕ್ರಿ," ಎನ್ನುತ್ತಾಳೆ ನನ್ನ ಹೆಂಡತಿ. "ನಿನ್ನೆ ಚಹಾಕ್ಕ ಸಕ್ರಿ ಕಡಿಮಿ ಆತಂತ ಬಂದಿತ್ತು."

ಬನಹಟ್ಟಿಯ ಸಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು ಅವಳು. ಅವಳ ಎದುರು ಉತ್ಪ್ರೇಕ್ಷೆ ನಡೆಯುವುದಿಲ್ಲ.

ಒಮ್ಮೆ ಕಚೇರಿಯ ಕಂಪ್ಯೂಟರ್ ಕೆಟ್ಟು ಕೈಯಲ್ಲಿ ಕೆಲಸವಿಲ್ಲದಿದ್ದಾಗ, ಇದರ ಬೇರು ಎಲ್ಲಿದೆ ನೋಡಿಯೇ ಬಿಡೋಣವೆಂದು ಊರಿನ ಗ್ರಂಥಾಲಯಕ್ಕೆ ಹೋಗಿ ದಪ್ಪ ನಿಘಂಟು ತೆರೆದೆ. ಸಂಸ್ಕೃತದಲ್ಲಿ 'ಸತ್ಯಂಕಾರ' ಎಂಬ ಮಾತಿದೆಯಂತೆ. ಸತ್ಯ ಮಾಡುವುದು, ಅಂದರೆ ಆಡಿದ ಮಾತನ್ನು ನಿಜ ಮಾಡಲು ಕೊಡುವ ಹಣ. ಅದು ಪ್ರಾಕೃತದವರ ಬಾಯಲ್ಲಿ ಮೆತ್ತಗಾಗಿ ನಮ್ಮಲ್ಲಿಗೆ ಬರುವ ಹೊತ್ತಿಗೆ ಸಂಚಕಾರ ಆಯಿತು. ತೆಲುಗಿನಲ್ಲೂ ತಮಿಳಿನಲ್ಲೂ ಇದರ ಅಣ್ಣತಮ್ಮಂದಿರಿದ್ದಾರೆ. ಅವರಿನ್ನೂ ಮುಂಗಡದ ಕೆಲಸವನ್ನೇ ಮಾಡಿಕೊಂಡಿದ್ದಾರೆ. ನಮ್ಮವನೊಬ್ಬನೇ ಹೋಗಿ ಅಪಾಯ ಅನ್ನುವ ಕೆಟ್ಟ ಸಹವಾಸಕ್ಕೆ ಬಿದ್ದ.

ಹೇಗೆ ಬಿದ್ದ ಎನ್ನುವುದಕ್ಕೆ ನನ್ನದೊಂದು ಊಹೆ ಇದೆ. ನಿಘಂಟಿನಲ್ಲಿಲ್ಲ, ನನ್ನ ಸ್ವಂತದ್ದು. ಸಂಚಕಾರ ತೆಗೆದುಕೊಂಡ ಎತ್ತನ್ನು ಬೇರೆಯವರಿಗೆ ಮಾರುವ ಹಾಗಿಲ್ಲ. ಅದು ಇವನ ಕೊಟ್ಟಿಗೆಯಲ್ಲಿ ನಿಂತಿದ್ದರೂ ಆಗಲೇ ಇನ್ನೊಬ್ಬನದು. ಸಾಯುವ ಹಾಗಿದ್ದ ಯಾರನ್ನೋ ನೋಡಿ ಯಾವನೋ ಚೇಷ್ಟೆಗಾರ, ಇವನ ಜೀವಕ್ಕೆ ಯಮ ಆಗಲೇ ಸಂಚಕಾರ ಕೊಟ್ಟಿದ್ದಾನೆ ಎಂದಿರಬೇಕು. ಕೇಳಿದವರು ನಕ್ಕಿರಬೇಕು. ಕಾಲಕ್ರಮದಲ್ಲಿ ನಗು ಹೋಯಿತು, ಯಮನೂ ಹೋದ, ಹೆದರಿಕೆ ಮಾತ್ರ ಆ ಪದಕ್ಕೆ ಅಂಟಿಕೊಂಡು ಉಳಿಯಿತು.

ನಮ್ಮ ಮನೆಮಾತು ಅರ್ಧ ಮರಾಠಿ. ನನ್ನ ತಂದೆಯೂ ಇದೇ ಕೆಲಸ ಮಾಡಿದವರು. ಮನೆಯಲ್ಲಿ ಮಾತಾಡುವಾಗ 'ಇಸಾರ' ಎನ್ನುತ್ತಿದ್ದರು, ಕಾಗದದಲ್ಲಿ ಮಾತ್ರ ದುಂಡಗೆ 'ಸಂಚಕಾರ' ಎಂದು ಬರೆಯುತ್ತಿದ್ದರು. ಅವರ ಕಾಲದಲ್ಲಿ ನೋಟನ್ನು ವೀಳ್ಯದೆಲೆಯ ಮೇಲಿಟ್ಟು ಕೊಡುತ್ತಿದ್ದರು. ತೆಗೆದುಕೊಂಡವನು 'ಆತು' ಅಂದರೆ ಆಯಿತು. ಈಗ ಮುಧೋಳದಿಂದ ಬರಲಿ, ಬೀಳಗಿಯಿಂದ ಬರಲಿ, ಬಂದವರು ಫೋನು ಮುಂದೆ ಹಿಡಿಯುತ್ತಾರೆ. ಎಲ್ಲಿಂದಲೋ ಒಬ್ಬ ಹೆಣ್ಣುಮಗಳು ಇಷ್ಟು ರೂಪಾಯಿ ಬಂತು ಎಂದು ಕೂಗಿ ಹೇಳುತ್ತಾಳೆ. ಹುಡುಗರು ಅದಕ್ಕೆ 'ಟೋಕನ್ ಹಾಕೇನ್ರಿ' ಎನ್ನುತ್ತಾರೆ. ನಾನು ಕೇಳಿಯೂ ಕೇಳದವನಂತೆ ಸಂಚಕಾರ ಎಂದೇ ಬರೆಯುತ್ತೇನೆ.

ಇಷ್ಟೆಲ್ಲ ಪಾಂಡಿತ್ಯ ಕಟ್ಟಿಕೊಂಡಿದ್ದರೂ ಆ ಪದ ನಮ್ಮ ಮನೆಯೊಳಗೇ ಬಂದು ಕುಳಿತದ್ದು ಈಚೆಗೆ, ನನ್ನ ಹೆಂಡತಿಯ ಹೊಲದ ವಿಷಯದಲ್ಲಿ.

ಹಿಪ್ಪರಗಿಯ ಹತ್ತಿರ ಅವಳಿಗೆ ತಾಯಿಯಿಂದ ಬಂದ ಒಂದು ತುಂಡು ಹೊಲವಿದೆ. ಅವಳ ಹೆಸರಿನಲ್ಲಿರುವ ನೆಲ ಅದೊಂದೇ. ಬ್ಯಾರೇಜು ಕಟ್ಟಿದ ಮೇಲೆ ನೀರಿಗೆ ಕೊರತೆಯಿಲ್ಲ, ಎಲ್ಲರಂತೆ ನಮ್ಮ ಹೊಲ ಮಾಡುತ್ತಿದ್ದವರೂ ಕಬ್ಬಿನ ಮೇಲೆ ಕಬ್ಬು ಹಚ್ಚಿದರು. ಕುಡಿದಷ್ಟೂ ನೀರು ಬಿಟ್ಟರು. ನೆಲದೊಳಗಿನ ಉಪ್ಪು ಮೇಲೆ ಬಂತು. ಬೇಸಿಗೆಯಲ್ಲಿ ಬದುವಿನ ಮೇಲೆ ನಿಂತರೆ ಹೊಲದ ತುಂಬ ಸುಣ್ಣ ಚೆಲ್ಲಿದಂತೆ ಬೆಳ್ಳಗೆ ಕಾಣುತ್ತಿತ್ತು. ಇದಕ್ಕೆ ನಮ್ಮಲ್ಲಿ ಸವಳು ಎನ್ನುತ್ತಾರೆ. ಹೊಲ ಮಾಡುತ್ತಿದ್ದವರು ಕೈ ಮುಗಿದು ಬಿಟ್ಟುಹೋದರು.

ಆಗ ರಬಕವಿ ಕಡೆಯ ಒಬ್ಬ ಇಟ್ಟಂಗಿ, ಅಂದರೆ ಇಟ್ಟಿಗೆ, ಭಟ್ಟಿಯ ಮಾಲೀಕರು ಬಂದರು. ಒಳ್ಳೆಯ ಮನುಷ್ಯ, ಮೆಲ್ಲಗೆ ಮಾತಾಡುವವರು. ರಸ್ತೆಗೆ ಹತ್ತಿದ ಜಾಗ, ಭಟ್ಟಿ ಹಾಕಲು ಅನುಕೂಲ, ಮಣ್ಣು ಬೇರೆ ಕಡೆಯಿಂದ ತರುತ್ತೇನೆ ಎಂದರು. ಸಂಚಕಾರ ಜೇಬಿನಲ್ಲೇ ಇತ್ತು. ಮಳೆಗಿಂತ ಮೊದಲು ಗರಸು, ಅಂದರೆ ಜಲ್ಲಿಮಣ್ಣು, ಹಾಕಿ ರೋಲರ್ ಹೊಡೆಸಬೇಕು ಎಂದರು. ಒಮ್ಮೆ ಗರಸು ಬಿದ್ದು ರೋಲರ್ ಓಡಿತೆಂದರೆ ಅದು ಮತ್ತೆ ಹೊಲವಾಗುವ ಮಾತಿಲ್ಲ.

ಕೊಟ್ಟುಬಿಡು ಎಂದೆ ನಾನು. ಹೊಲದ ಮೇಲೆ ನನಗೆ ಪ್ರೀತಿ ಇರಲಿಲ್ಲ ಎಂದಲ್ಲ. ದಿನಾ ಇಂಥ ಹತ್ತಾರು ಹೊಲ ನನ್ನ ಮೇಜಿನ ಮೇಲೆ ಕೈ ಬದಲಾಯಿಸುವುದನ್ನು ನೋಡಿ ನೋಡಿ ಮನಸ್ಸು ಜಡ್ಡುಗಟ್ಟಿತ್ತು.

ಅವಳು ಒಪ್ಪಲಿಲ್ಲ. ಹಿಂದಿನ ವರ್ಷವೇ ಹೊಲದ ಅಂಚಿಗೆ ಬಸಿಗಾಲುವೆ ತೋಡಿಸಿದ್ದಳು. ಕೃಷಿ ಇಲಾಖೆಯವರನ್ನು ಕರೆತಂದು ಮಣ್ಣು ತೋರಿಸಿದ್ದಳು. ನೆಲಕ್ಕೆ ಮೊದಲು ಗೊಬ್ಬರ ಬೀಳಲಿ, ಮಳೆ ಬಿದ್ದ ಕೂಡಲೇ ಸೆಣಬು ಬಿತ್ತಿ, ಹೂವಿಗೆ ಬಂದಾಗ ಮಣ್ಣಿಗೇ ಮಗುಚಿರಿ, ಆಮೇಲೆ ಜೋಳ ಹಾಕಿ ನೋಡಿ ಎಂದು ಅವರು ಹೇಳಿದ್ದರು. ಗೊಬ್ಬರವೆಂದರೆ ಕುರಿ ತರುಬುವುದು. ಊರೂರು ತಿರುಗುವ ಕುರಿ ಹಿಂಡನ್ನು ರಾತ್ರಿ ನಮ್ಮ ಹೊಲದಲ್ಲಿ ನಿಲ್ಲಿಸಿಕೊಂಡರೆ, ಹಿಕ್ಕಿ ಮತ್ತು ಗಂಜಲ ಸೇರಿ ಅದಕ್ಕಿಂತ ಒಳ್ಳೆಯ ಗೊಬ್ಬರ ಇಲ್ಲ.

"ಮಳಿಗಿಂತ ಮೊದಲ ಇಡೀ ಹೊಲದಾಗ ಕುರಿ ತರುಬಿದ್ರ ಹೊಲಾ ನಂದು. ಆಗ್ಲಿಲ್ಲಂದ್ರ ಸಂಚಕಾರ ಪತ್ರಾ ನೀವ ಬರೀರಿ, ನಾ ಸಹಿ ಮಾಡ್ತೀನಿ," ಎಂದಳು. ಇಟ್ಟಂಗಿಯವರಿಗೂ ಅದನ್ನೇ ಹೇಳಿದಳು. ಅವರು ತಲೆಯಾಡಿಸಿ ಕಾಯುತ್ತೇನೆಂದು ಹೋದರು.

ಬೀಳಗಿ ಕಡೆ ಬೇಸಿಗೆಯಲ್ಲಿ ಬೀಡುಬಿಡುವ ಒಂದು ಕುರಿಗಾರರ ಕುಟುಂಬ ಗೊತ್ತಿತ್ತು. ತಲೆತಲಾಂತರದಿಂದ ಬೀರದೇವರ ಒಕ್ಕಲು. ಹಿರಿಯಜ್ಜ, ಅವನ ಮಕ್ಕಳು, ಸೊಸೆಯಂದಿರು, ದೊಡ್ಡ ಹಿಂಡು. ಹೆಂಡತಿ ಫೋನು ಮಾಡಿದಳು. ಬರ್ತೀವ್ರಿ, ಸಂಚಕಾರ ಕೊಡ್ರಿ ಎಂದ ಅಜ್ಜ. ಅವಳು ಆಗಿಂದಾಗಲೇ ಅವನ ಮಗನ ಫೋನಿಗೆ ಹಣ ಹಾಕಿದಳು. ಹೋಯಿತು ಎಂದು ಹಸಿರು ಗುರುತು ಬಂತು. ನನಗೆ ತೋರಿಸಿ, ಒಂದು ಕೆಲಸ ಮುಗೀತು ಎಂದಳು. ಯುಗಾದಿಯ ಹೊತ್ತಿಗೆ ಬರುವುದು ಎಂದು ಮಾತಾಗಿತ್ತು.

ಯುಗಾದಿ ಬಂತು. ಬೇವು ಬೆಲ್ಲ ತಿಂದೆವು. ಕುರಿ ಬರಲಿಲ್ಲ. ಹಬ್ಬ ಕಳೆದು ಕೆಲವು ದಿನಕ್ಕೆ ಚಿಮ್ಮಡದ ಪರಿಚಯದವರೊಬ್ಬರು ಕಚೇರಿಯ ಹತ್ತಿರ ಸಿಕ್ಕು, ಆ ಹಿಂಡು ಮುಧೋಳದ ಕಡೆ ಹೊರಡಲು ತಯಾರಾಗಿದೆ, ಸಮೀರವಾಡಿ ಹತ್ತಿರದ ಕಬ್ಬಿನ ರೈತರೊಬ್ಬರು ಮಳೆಯವರೆಗೆ ಹಿಡಿದಿದ್ದಾರೆ ಎಂದರು. ಮನೆಗೆ ಬಂದು ಹೇಳಿದೆ. ಅವಳ ಮುಖ ಸಣ್ಣದಾಯಿತು. ಚಪ್ಪಲಿ ಮೆಟ್ಟಿಕೊಂಡು ಸ್ಕೂಟರಿನ ಹತ್ತಿರ ಹೋಗಿ ನಿಂತಳು.

ಬೀಳಗಿಯ ಆಚೆ, ಕೊಯ್ದ ಜೋಳದ ಕೂಳೆಯ ನಡುವೆ ಅವರ ಬೀಡಿತ್ತು. ಬಲೆಯ ಬೇಲಿ ಸುತ್ತಿಡುತ್ತಿದ್ದರು. ಸಾಮಾನು ಹೊರಲು ಹಿಂದೆ ಕುದುರೆ ಇರುತ್ತಿತ್ತು, ಈಗ ಒಂದು ಟಂಟಂ ರಿಕ್ಷಾ ನಿಂತಿತ್ತು. ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲೇ ಜಗಳ ರೂಢಿ ಮಾಡಿಕೊಂಡು ಬಂದಿದ್ದೆ. ಅಜ್ಜ ನಮ್ಮನ್ನು ನೋಡಿದ್ದೇ ಎದ್ದು ಬಂದು ನೀರು ಕೊಟ್ಟ. ನೀರು ಕುಡಿದ ಮೇಲೆ ಜಗಳವಾಡುವುದು ಸ್ವಲ್ಪ ಕಷ್ಟ.

"ಸಂಚಕಾರ ತಗೊಂಡು ಬ್ಯಾರೆ ಕಡೆ ಹೊಂಟೀರಲ್ಲ," ಎಂದಳು ಹೆಂಡತಿ.

"ಎಲ್ಲಿ ಕೊಟ್ರಿ ಯವ್ವಾ? ನೀವು ಬರ್ತೀರಂತ ನಾವು ದಿನಾ ಹಾದಿ ನೋಡಾಕತ್ತಿದ್ವಿ."

"ನಿಮ್ಮ ಮಗನ ಫೋನಿಗೆ ಹಾಕೀನಿ."

"ಹೌದ್ರಿ, ರೊಕ್ಕ ಬಂದೈತಿ. ಹಂಗ ಇಟ್ಟೇವಿ, ಮುಟ್ಟಿಲ್ಲ. ನೀವು ಬಂದು ಕಂಬಳಿ ಮ್ಯಾಲ ಸಂಚಕಾರ ಇಟ್ರ ಲೆಕ್ಕಕ್ಕ ಹಿಡಿದ್ರಾತು ಅಂತ ಮಾಡಿದ್ವಿ. ನೀವು ಬರ್ಲಿಲ್ಲ. ಮುಧೋಳದವ್ರು ಬಂದು ಇಟ್ಟು ಹೋದ್ರು."

ಅವರ ಪದ್ಧತಿ ಅವನೇ ವಿವರಿಸಿ ಹೇಳಿದ. ಹೊಲದವರು ತಮ್ಮ ಹೊಲದ ಒಂದು ಹಿಡಿ ಮಣ್ಣು ತರಬೇಕು. ಕುರಿಗಾರರು ಕರಿಯ ಕಂಬಳಿ ಹಾಸಿ ಅದರ ಮೇಲೆ ಬೀರದೇವರ ಭಂಡಾರ, ಅಂದರೆ ಅರಿಶಿನದ ಪುಡಿ, ಚಿಟಿಕೆ ಹಾಕುತ್ತಾರೆ. ಅದರ ಪಕ್ಕ ಮಣ್ಣು, ಮಣ್ಣಿನ ಮೇಲೆ ಸಂಚಕಾರ. ಕುರಿಯವರು ಮಣ್ಣು ಮೂಸಿ ನೋಡಿ 'ಆತು' ಅನ್ನಬೇಕು. ಕಾಣದ ಹೊಲಕ್ಕೆ ಮೂಕ ಪ್ರಾಣಿಯನ್ನು ಹೇಗೆ ಕರೆದೊಯ್ಯುವುದು ಎಂದು ಅವನ ಪ್ರಶ್ನೆ. ಅದರಲ್ಲಿ ಮೋಸವೇನೂ ಇರಲಿಲ್ಲ. ಅವನು ಕಾದಿದ್ದ, ಇವಳೂ ಕಾದಿದ್ದಳು, ಅಷ್ಟೇ. ನಾನು ಕಟ್ಟಿಕೊಂಡು ಬಂದಿದ್ದ ಜಗಳವನ್ನು ಹಾಗೆಯೇ ನುಂಗಿಕೊಂಡೆ.

"ಈಗ ಮುಧೋಳದವ್ರಿಗೆ ಒಲ್ಲೆ ಅನ್ನಾಕ ಬರ್ತೈತೇನು?" ಎಂದು ಕೇಳಿದಳು ಹೆಂಡತಿ.

"ಕಂಬಳಿ ಮ್ಯಾಲ ಆತು ಅಂದೇನ್ರಿ ಯವ್ವಾ. ಇನ್ನ ಹೆಂಗ ಅನ್ನಲಿ?"

ಅವಳು ತಲೆ ಅಲ್ಲಾಡಿಸಿದಳು. ಅನ್ನಲು ಬರುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಆದರೆ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ಮೂವತ್ತು ವರ್ಷ ಮಕ್ಕಳ ಎದುರು ಕಣ್ಣೀರು ತೋರಿಸದ ಮಾಸ್ತರಣಿ ಅಲ್ಲಿ ಕುರಿಗಳ ನಡುವೆ ಸೆರಗಿನಿಂದ ಮುಖ ಒರೆಸಿಕೊಂಡಳು. ನನಗೆ ಅವಳ ಮೇಲೆ ಅಷ್ಟು ಮರುಕ ಹಿಂದೆಂದೂ ಬಂದಿರಲಿಲ್ಲ.

ಆಗ ಒಲೆಯ ಹತ್ತಿರ ರೊಟ್ಟಿ ಬಡಿಯುತ್ತಿದ್ದ ಹಿರಿಯ ಸೊಸೆ ಕೈಯ ಹಿಟ್ಟು ಕೊಡವಿಕೊಂಡು ಎದ್ದು ಬಂದಳು. ಮಾವನ ಕಡೆ ನೋಡದೆ, ನೆಲ ನೋಡುತ್ತ ಮಾತಾಡಿದಳು.

"ಮಾವಾರು ತಗೊಂಡಿದ್ದು ಮಾವಾರ ಕುರಿಗೆ. ನನ್ನ ತವರಿನ ಕುರಿ ಅದರಾಗ ಬರೂದಿಲ್ಲ."

ಮದುವೆಯಲ್ಲಿ ಮಗಳಿಗೆ ಕುರಿ ಕೊಡುವುದು ಅವರಲ್ಲಿ ವಾಡಿಕೆ. ಆ ಕುರಿ, ಅದರ ಮರಿ, ಮರಿಯ ಮರಿ, ಎಲ್ಲ ಅವಳದೇ. ದೊಡ್ಡ ಹಿಂಡಿನಲ್ಲಿ ಬೆರೆತು ಮೇಯುತ್ತವೆ, ಬೆನ್ನ ಮೇಲಿನ ಕೆಂಪು ಬಣ್ಣದಿಂದ ಗುರುತು ಹಿಡಿಯುತ್ತಾರೆ. ಅಜ್ಜ ಗಡ್ಡ ಕೆರೆದುಕೊಂಡ. ಮಗನ ಕಡೆ ನೋಡಿದ, ಮಗ ಟಂಟಂನ ಗಾಲಿ ನೋಡಿದ. ಆಮೇಲೆ "ಖರೆ ಐತಿ," ಎಂದ.

"ಸಣ್ಣ ಹಿಂಡರಿ ಅಕ್ಕಾರ. ಇಡೀ ಹೊಲಾ ಆಗ್ತೈತೋ ಇಲ್ಲೋ ಹೇಳಾಕಾಗೂದಿಲ್ಲ," ಎಂದಳು ಸೊಸೆ. ಆಮೇಲೆ ದನಿ ತಗ್ಗಿಸಿ, "ನನ್ನ ಕುರಿ ಅಷ್ಟ ಹೊಡಕೊಂಡು ಒಮ್ಮಿ ತಿರುಗಬೇಕಂತ ಭಾಳ ದಿನದಿಂದ ಆಸೆ ಐತ್ರಿ," ಎಂದಳು.

ಮಣ್ಣು ತಂದಿರಲಿಲ್ಲವಲ್ಲ. ಮರುದಿನ ನಸುಕಿನಲ್ಲಿ ಹಿಪ್ಪರಗಿಗೆ ಹೋಗಿ ಹೆಂಡತಿ ತನ್ನ ಕೈಯಾರೆ ಮಣ್ಣು ಬಗೆದು ಕರವಸ್ತ್ರದಲ್ಲಿ ಕಟ್ಟಿಕೊಂಡಳು. ಅಲ್ಲಿಂದ ಮತ್ತೆ ಬೀಳಗಿ ದಾರಿ. ನನ್ನ ಸೊಂಟ ಏನು ಹೇಳಿತೋ ನಾನು ಬರೆಯುವುದಿಲ್ಲ. ಸೊಸೆ ತನ್ನದೇ ಕಂಬಳಿ ತಂದು ಹಾಸಿದಳು. ಭಂಡಾರ ಬಿತ್ತು. ಹೆಂಡತಿ ಮಣ್ಣಿಟ್ಟು, ಅಜ್ಜನ ಮಗ ತಿರುಗಿ ಕೊಟ್ಟ ಹಣವನ್ನೇ ಮೇಲಿಟ್ಟಳು. ಸೊಸೆ ಮಣ್ಣು ಮೂಸಿದಳು, ಒಂದು ಹರಳು ನಾಲಿಗೆಗೆ ಹಚ್ಚಿಕೊಂಡಳು.

"ಉಪ್ಪೈತಿ."

ಹೆಂಡತಿ ಖಾಲಿ ಕರವಸ್ತ್ರ ಮಡಚತೊಡಗಿದಳು.

"ಇರಲಿ. ಕುರಿಗೆ ಉಪ್ಪು ಸೇರ್ತೈತಿ. ಆತು," ಎಂದಳು.

ಕಚೇರಿಯ ಮುಂದೆ ನಾನು ಕೇಳಿದ ಸಾವಿರಾರು 'ಆತು'ಗಳಲ್ಲಿ ಒಂದಕ್ಕೂ ನನ್ನ ಹೆಂಡತಿ ಹಾಗೆ ನಕ್ಕಿದ್ದು ನನಗೆ ನೆನಪಿಲ್ಲ. ಅವಳು ಕಚೇರಿಯ ಕಡೆ ಬಂದವಳೇ ಅಲ್ಲ ಎನ್ನುವುದು ಬೇರೆ ಮಾತು.

ಸೊಸೆ, ಅವಳ ಗಂಡ ಇಬ್ಬರೂ ಕೆಂಪು ಬೆನ್ನಿನ ಕುರಿಗಳನ್ನು ಹೊಡೆದುಕೊಂಡು ಬಂದರು. ಹಗಲು ಕಾಲುವೆ ದಂಡೆಯಲ್ಲಿ ಮೇಯಿಸಿ, ಸಂಜೆ ಹೊಲದಲ್ಲಿ ಬಲೆ ಕಟ್ಟಿ ಕೂಡಿಹಾಕುವುದು, ಮರುದಿನ ಬಲೆಯನ್ನು ಪಕ್ಕಕ್ಕೆ ಸರಿಸುವುದು. ನಾವು ಜೋಳದ ಹಿಟ್ಟು, ಖಾರ, ಎಣ್ಣೆ ಒಯ್ದುಕೊಡುತ್ತಿದ್ದೆವು. ಹೆಂಡತಿ ಕೋಲಿನಿಂದ ನೆಲದ ಮೇಲೆ ಗೆರೆ ಎಳೆದು ಹೊಲವನ್ನು ಚೌಕ ಚೌಕ ಮಾಡಿದ್ದಳು, ಮಗ್ಗಿ ಬರೆಸಲು ಹಲಗೆಗೆ ಗೆರೆ ಹಾಕಿದ ಹಾಗೆ. ಒಂದು ಚೌಕ ಮುಗಿದರೆ ಅದರ ಮೂಲೆಗೆ ಕಲ್ಲು ನೆಡುವಳು. ಬೆಳ್ಳಗಿದ್ದ ನೆಲ ಒಂದೊಂದೇ ಚೌಕ ಕಪ್ಪಾಗುತ್ತ ಬಂತು. ಸೊಸೆ ಕುರಿಗಳ ಹಿಂದೆ ನಡೆಯುವಾಗ ಬೀಳಗಿಯಲ್ಲಿ ನೆಲ ನೋಡುತ್ತ ಮಾತಾಡಿದವಳು ಇವಳೇನಾ ಎನಿಸುತ್ತಿತ್ತು. ಗಂಡನಿಗೂ ಜೋರಾಗಿ ಹೇಳುತ್ತಿದ್ದಳು, ಬಲೆ ಸರಿ ಬಿಗಿಯಾಗಿಲ್ಲ ಎಂದು.

ಇಟ್ಟಂಗಿಯವರು ಒಮ್ಮೆ ಬೈಕ್ ನಿಲ್ಲಿಸಿ ನೋಡಿದರು. "ಇಷ್ಟ ಕುರಿಯಿಂದ ಏನಾಗ್ತೈತ್ರಿ ಮೇಡಂ," ಎಂದರು. ಕುಹಕದಿಂದಲ್ಲ, ನಿಜವಾಗಿಯೇ ಕೇಳಿದರು. ಅರ್ಧ ಜಾಗ ಕೊಡುತ್ತೇನೆ ಅಂದರೂ ತಮಗೆ ಸಾಲದು, ಕೊಟ್ಟರೆ ಪೂರ್ತಿ ಬೇಕು ಎಂದು ಸ್ಪಷ್ಟ ಮಾಡಿದರು.

ಅವರ ಮಾತಿನಲ್ಲಿ ಲೆಕ್ಕವಿತ್ತು. ಆಕಾಶದಲ್ಲಿ ಮೋಡ ಕೂಡತೊಡಗಿದಾಗ ಹೊಲದ ಅರ್ಧವೂ ಆಗಿರಲಿಲ್ಲ. ಮೊದಲ ಹನಿ ಬೀಳುವ ಮುಂಚೆ ಕುರಿಯವರು ಎತ್ತರದ ಒಣ ನೆಲಕ್ಕೆ ಹೋಗಲೇಬೇಕು, ಹಸಿ ಕಪ್ಪು ಮಣ್ಣಿನಲ್ಲಿ ನಿಂತರೆ ಕುರಿಯ ಗೊರಸು ಕೊಳೆಯುತ್ತದೆ. ಅವರು ಹೊರಡುವ ಹಿಂದಿನ ಸಂಜೆ ಹೆಂಡತಿ ಬದುವಿನ ಮೇಲೆ ಬಹಳ ಹೊತ್ತು ಕುಳಿತಳು. ಕಲ್ಲು ನೆಟ್ಟ ಚೌಕಗಳನ್ನು ನೋಡಿದಳು, ನೆಡದ ಬೆಳ್ಳನೆಯ ಚೌಕಗಳನ್ನು ನೋಡಿದಳು.

"ಅರ್ಧ ಸರಿ ಉತ್ತರಕ್ಕ ನಾ ಯಾವತ್ತೂ ಪೂರ್ತಿ ಮಾರ್ಕ್ಸ್ ಕೊಟ್ಟಾಕಿ ಅಲ್ಲ," ಎಂದಳು. "ನೀವು ಕಾಗದಾ ತಯಾರ ಮಾಡ್ರಿ."

ಬೇಡ ಎನ್ನಬೇಕೆಂದು ನನಗೆ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಆ ಹೊಲ ನನಗೂ ಬೇಕಾಗಿತ್ತು. ಆದರೆ ಮಾತು ಅವಳದು, ಹೊಲ ಅವಳದು. ಆಗಲಿ ಎಂದೆ.

ಬೆಳಗ್ಗೆ ಅವರನ್ನು ಕಳಿಸಿಕೊಡಲು ಹೋದೆವು. ಬಲೆ ಸುತ್ತಿಯಾಗಿತ್ತು, ಮರಿಗಳನ್ನು ಬುಟ್ಟಿಗೆ ಹಾಕಿಯಾಗಿತ್ತು. ನಾವು ಕೊಡಬೇಕಾದದ್ದನ್ನು ಕೊಟ್ಟೆವು. ಸೊಸೆ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೊರಡಲಿಲ್ಲ. ಹೆಗಲ ಮೇಲಿನ ಕಂಬಳಿ ತೆಗೆದು ಬದುವಿನ ಮೇಲೆ ಹಾಸಿದಳು, ಗಂಟಿನಿಂದ ಭಂಡಾರ ತೆಗೆದು ಹಾಕಿದಳು. ಬಗ್ಗಿ, ಕುರಿ ನಿಲ್ಲದ ಕಡೆಯ ಬಿಳಿ ಮಣ್ಣನ್ನೇ ಒಂದು ಹಿಡಿ ತಂದು ಇಟ್ಟಳು. ಅದರ ಮೇಲೆ ಒಂದು ನಾಣ್ಯ ಇಟ್ಟು ನನ್ನ ಹೆಂಡತಿಯ ಕಡೆ ನೋಡಿದಳು.

"ಬರೂ ವರ್ಷ ಜೋಳಾ ಕೊಯ್ದ ಮ್ಯಾಲ ಈ ಹೊಲಾ ಮೊದಲ ನನ್ನ ಕುರಿಗೆ ಮೇಯಾಕ ಬಿಡಬೇಕ್ರಿ ಅಕ್ಕಾರ. ಸಂಚಕಾರ ಇದು."

ಹೆಂಡತಿ ಗಾಬರಿಯಾದಳು. "ಹೊಲದಾಗ ಏನೂ ಇಲ್ಲಲ್ಲ. ಏನ ನೋಡಿ ಕೊಡ್ತಿ?"

"ಇದ್ದಿದ್ದಕ್ಕ ಯಾರರೆ ಸಂಚಕಾರ ಕೊಡ್ತಾರೇನ್ರಿ?" ಎಂದಳು ಅವಳು. "ಇದ್ದಿದ್ದನ್ನ ರೊಕ್ಕ ಕೊಟ್ಟು ತಗೊಂಡ ಹೋಗ್ತಾರ."

ನಾನು ಜೀವಮಾನವಿಡೀ ಸಂಚಕಾರ ಪತ್ರ ಬರೆದವನು. ಈ ಮಾತು ನನಗೆ ಹೊಳೆದಿರಲಿಲ್ಲ. ಸೊಸೆಯ ಗಂಡ ಟಂಟಂ ಚಾಲೂ ಮಾಡಿಕೊಂಡು ಕಾಯುತ್ತಿದ್ದ. ಕುರಿಗಳು ಆಗಲೇ ರಸ್ತೆಗೆ ಹತ್ತಿದ್ದವು. ಅವಳು ಮಾತ್ರ ಕಂಬಳಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಎಷ್ಟು ಹೊತ್ತಾದರೂ ಸರಿ ಎನ್ನುವಂತೆ ಕಾದಳು. ನನ್ನ ಹೆಂಡತಿ ಬಗ್ಗಿ ಆ ಮಣ್ಣನ್ನು ಎತ್ತಿ ಮೂಸಿದಳು. ಅವಳಿಗೆ ಅದರಲ್ಲಿ ಏನು ವಾಸನೆ ಬಂತೋ ನನಗೆ ತಿಳಿಯದು. ನಾಣ್ಯ ತೆಗೆದುಕೊಂಡಳು.

"ಆತು," ಎಂದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಇಟ್ಟಂಗಿಯವರ ಫೋನು ಬಂತು. ಕುರಿ ಹೋದದ್ದನ್ನು ಅವರೂ ನೋಡಿದ್ದರು. ಹೆಂಡತಿ ಎಡಗೈಯಲ್ಲಿ ಫೋನು ಹಿಡಿದು, ತನ್ನ ಸಾಲೆಯ ದನಿಯಲ್ಲಿ, "ಆ ಹೊಲಕ್ಕ ಬ್ಯಾರೆಯವ್ರ ಹತ್ರ ಸಂಚಕಾರ ತಗೊಂಡೀನ್ರಿ. ಇನ್ನ ಕೊಡ್ಲಿಕ್ಕೆ ಬರೂದಿಲ್ಲ," ಎಂದಳು.

ಆ ಕಡೆಯಿಂದ ಅವರು, ಯಾರು ಕೊಟ್ಟರು ಎಂದು ಕೇಳಿದ್ದು ನನಗೂ ಕೇಳಿಸಿತು.

"ಕುರಿಯವ್ರು," ಎಂದಳು.

ಅವರು, ಛಲೋ ಆತು ಬಿಡ್ರಿ ಮೇಡಂ ಎಂದು ಫೋನಿಟ್ಟರು. ಸಂಜೆ ನಾವಿಬ್ಬರೂ ಜಮಖಂಡಿ ಪೇಟೆಗೆ ಹೋದೆವು. ಬೀಜದ ಅಂಗಡಿಯವನು ಸೆಣಬು ಎಷ್ಟು ಹೊಲಕ್ಕೆ ಬೇಕು ಎಂದು ಕೇಳಿದ. ಅವಳು ಇಡೀ ಹೊಲಕ್ಕೆ ಸಾಲುವಷ್ಟು ಕಟ್ಟಿಸಿಕೊಂಡಳು.